ಕಾಯಾನಿಯಲ್ಲಿ ವರ್ಷದ ಕೊನೆಯ ಶ್ರುತಿ

ಡಿಸೆಂಬರ್ ಮೂವತ್ತೊಂದು. ಹೊರಗೆ
ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಶಾಲೆಗೆ ರಜೆ. ಹಾಡಿನ ಕೋಣೆಯಲ್ಲಿ
ನಾನು, ಕಂದು ಪಿಯಾನೊ, ತಂತಿ ಬಿಗಿಯುವ ಹಿಡಿ.
ಹೀಟರಿನ ಒಣಹವೆಗೆ ಮರ ಸೊರಗಿ
ಸ್ವರಗಳೆಲ್ಲ ಒಂದಿಷ್ಟು ಇಳಿದಿವೆ,
ಚಳಿಗಾಲದಲ್ಲಿ ಎಲ್ಲರೂ ಇಳಿಯುವಷ್ಟೇ.

ಕೆರ್ತು, ಮುಗಿಯಿತಾ?
ಕಾವಲುಗಾರ ಇಲ್ಮೊ, ಬಾಗಿಲಲ್ಲಿ.
ಇಲ್ಲ, ಅನ್ನುತ್ತೇನೆ. ಹೋಗುತ್ತಾನೆ.
ಬಾಲಕ್ಕೊಂದು ಅಕ್ಷರ ಅಂಟಿಸಿದರೆ ಯಾವ ಮಾತೂ ಪ್ರಶ್ನೆ;
ಹೌದು ಅಂದರೂ ಚಿಲಕ, ಇಲ್ಲ ಅಂದರೂ ಚಿಲಕ.

ನಲವತ್ತು ವರ್ಷ ನಾನೂ ಹಾಗೇ ಕೇಳಿಕೊಂಡೆ:
ಸಿಗರೇಟು ಬಿಟ್ಟೆಯಾ? ಸ್ಕೀ ಹಾಕಿದೆಯಾ? ಸಾಲ ತೀರಿತಾ?
ಜನವರಿ ಹತ್ತಕ್ಕೆಲ್ಲ ಉತ್ತರ ಬಂದಿರುತ್ತಿತ್ತು.

ಈ ರಾತ್ರಿ ನಮ್ಮ ಮನೆಯಲ್ಲಿ ತವರ ಕರಗಿಸುತ್ತಿದ್ದರು.
ಸೌಟಿನಲ್ಲಿ ಪುಟ್ಟ ಲಾಳ; ತಣ್ಣೀರಿಗೆ ಸುರಿದರೆ
ಚುಂಯ್ ಅಂದು ಏನೋ ಒಂದು ಆಕಾರ.
ಅಪ್ಪ ಅದನ್ನು ಮೇಣದಬತ್ತಿಗೆ ಹಿಡಿದು
ಗೋಡೆಯ ನೆರಳು ಓದುತ್ತಿದ್ದ:
ಇದು ಹಡಗು, ಪ್ರಯಾಣ. ಇದು ನೊರೆನೊರೆ, ದುಡ್ಡು.
ತಂಗಿ ಹೆಲ್ಕಾಳದು ಪ್ರತಿ ವರ್ಷ ದುಡ್ಡು, ನನ್ನದು ಹಡಗು.
ನಾನು ಕಾಯಾನಿ ಬಿಟ್ಟು ಹೋಗಲೇ ಇಲ್ಲ.

ಮೂರು ವರ್ಷದ ಹಿಂದೆ ಬಿಲ್ಲಿನ ಪುಸ್ತಕ ತೀರಿ
ಕೊನೆಯ ಹಾಳೆಯ ಬೆನ್ನಿಗೆ ಬರೆದೆ,
ಯಾಕೆಂದು ಈಗಲೂ ಗೊತ್ತಿಲ್ಲ:
ಯಾರ ಮನೆಯ ಹೊಸ್ತಿಲಲ್ಲಿ ನನ್ನ ಬೂಟು
ಒಣಗುವಷ್ಟು ಹೊತ್ತು ಕೂತಿದೆ?

ಮಡಚಿ ಚೀಲಕ್ಕೆ ಹಾಕಿದೆ, ಶ್ರುತಿಕವೆಯ ಪಕ್ಕ.
ಅದೇನೂ ಉತ್ತರ ಬೇಡಲಿಲ್ಲ. ಆದರೆ ಪ್ರತಿ ಮನೆಯಲ್ಲೂ
ಬೂಟು ಬಿಚ್ಚುವಾಗ ಒಮ್ಮೆ ಎದ್ದು ಕೂತಿತು.
ಫೆಬ್ರವರಿಯಲ್ಲಿ ಮುದುಕಿ ಸೈಮಿ ಕಾಫಿ ಕೊಟ್ಟಾಗ
ಕಾರಿನ ಕೀಲಿ ಕೈಯಲ್ಲಿಟ್ಟುಕೊಂಡೇ ಕುಡಿದೆ.
ಮೇ ತಿಂಗಳಲ್ಲಿ ಕೀಲಿ ಕೋಟಿನ ಜೇಬಿನಲ್ಲಿತ್ತು.
ಇಷ್ಟೇ ಆದದ್ದು.

ಮಾರನೆಯ ವರ್ಷದ್ದು ಒರಟು:
ನಾನೇ ಸರಿ ಅಂತಾದಮೇಲೆ
ಏನೇನು ಕಳೆದುಕೊಂಡೆ?
ಬರೆದು ಮೂರು ದಿನ ಚೀಲ ಮುಟ್ಟಲಿಲ್ಲ.
ಸರೋವರದ ದಂಡೆಯ ಅಮ್ಮನ ಗುಡಿಸಲು, ಅದರ ಸೌನಾ,
ವಕೀಲರ ಪತ್ರ; ಹೆಲ್ಕಾಳ ದನಿ ಕೇಳಿ ಹನ್ನೊಂದು ವರ್ಷ.
ಕಾಗದಪತ್ರವೆಲ್ಲ ನನ್ನ ಕಡೆಗಿತ್ತು. ಸೌನಾ ನನ್ನದೇ.
ಒಬ್ಬಳೇ ಕೂತು ಕಾದ ಕಲ್ಲಿಗೆ ನೀರು ಹುಯ್ಯುತ್ತೇನೆ.

ಒಂದು ಸ್ವರಕ್ಕೆ ಮೂರು ತಂತಿ.
ಎರಡರ ಬಾಯಿಗೆ ಬಟ್ಟೆ ತುರುಕಿ, ಆಮೇಲೆ
ಒಂದೊಂದೇ ಬಿಡಿಸಿ ಆಲಿಸುವುದು ನನ್ನ ಕಸುಬು.
ಕೂದಲೆಳೆಯಷ್ಟು ಬೇರೆಯಿದ್ದರೂ ನಡುವೆ ಒಂದು ಅಲೆ,
ವಂವ್, ವಂವ್,
ದೂರವಿದ್ದಾಗ ಬೇಗಬೇಗ, ಹತ್ತಿರ ಬಂದಷ್ಟೂ ನಿಧಾನ.
ಹಿಡಿಯನ್ನು ತಿರುಗಿಸುವಷ್ಟೂ ಬೇಡ,
ಸುಮ್ಮನೆ ಒರಗಿದರೆ ಸಾಕು.

ಇಲ್ಮೊ ಮತ್ತೆ ಬಂದ. ಈ ಸಲ ಮಾತಿಲ್ಲದೆ
ಜೇಬಿನಿಂದ ತವರದ ಲಾಳ ತೆಗೆದು ಮುಚ್ಚಳದ ಮೇಲಿಟ್ಟ.
ಎರಡು ಕೊಂಡರೆ ಒಂದು ಪುಕ್ಕಟೆ, ಅಂದ ಕೊನೆಗೆ.
ಇದನ್ನ ಏನಂತ ಕೇಳ್ತೀಯ?
ಬಹಳ ಹೊತ್ತು ನೆಲ ನೋಡಿದ.
ಅವಳು ಪಾತ್ರೆ ತೊಳೀತಾ ಏನೋ ಗುನುಗ್ತಿದ್ದಳಲ್ಲ,
ಅದು ಯಾವುದಿತ್ತು ಅಂತ.
ಪಿಯಾನೊ ತೆರೆದೇ ಇತ್ತು. ಒಂದು ಬೆರಳು ಚಾಚಿ
ಮಧ್ಯದ ಸ್ವರ ಒತ್ತಿದ, ಹೆದರಿದವನ ಹಾಗೆ,
ಅದು ಆರುವವರೆಗೂ ತೆಗೆಯಲಿಲ್ಲ.

ಈ ವರ್ಷದ್ದನ್ನು ಈಗ ಬರೆದೆ, ಹೊಸ ಬಿಲ್ಲಿನ ಬೆನ್ನಿಗೆ:
ಹೆಲ್ಕಾ, ನೀನು ನಿಂತಲ್ಲಿಂದ
ಅದು ಹೇಗೆ ಕಾಣಿಸಿತು
ಇದು ಚೀಲಕ್ಕೆ ಹೋಗುವಂಥದಲ್ಲ, ಅಂಚೆಚೀಟಿ ಬೇಕು.
ಎರಡನೇ ತಾರೀಖಿನವರೆಗೂ ಅಂಚೆಯಿಲ್ಲ.
ಪ್ರಶ್ನೆಯ ಚಿಹ್ನೆ ಹಾಕುವುದು ಮರೆತಿದ್ದೇನೆ. ಇರಲಿ.
ಮೇಲಿನ ಏಳು ಸ್ವರ ಇನ್ನೂ ಬಾಕಿ.