ಎರಡಡಿ

ಕಾಂಜುರ್ ಮಾರ್ಗ್, ಏಳನೇ ಮಹಡಿ.
ಇನ್ನೂರ ಅರವತ್ತು ಚದರಡಿ,
ಅದರಲ್ಲೂ ಕಂಬವೊಂದು ಪಾಲು ಕೇಳುತ್ತದೆ.

ಬಡಗಿ ಇಸ್ರಾರ್ ಕಿವಿಯ ಪೆನ್ಸಿಲು ತೆಗೆದು
ಗೋಡೆಯ ಮೇಲೇ ಲೆಕ್ಕ ಬರೆದ:
ಮಂಚದ ಹೊಟ್ಟೆಯೊಳಗೆ ಕಂಬಳಿ, ಸೂಟ್‌ಕೇಸು, ಇಸ್ತ್ರಿಪೆಟ್ಟಿಗೆ.
ಮೇಜು ಗೋಡೆಗೆ ಮಡಚಿಕೊಳ್ಳಲಿ,
ಉಂಡೆದ್ದ ಮೇಲೆ ಅದಕ್ಕೇನು ಕೆಲಸ?
ಬಾಗಿಲು ತೆರೆಯುವುದು ಬೇಡ, ಜಾರಲಿ.
ಪರದೆ ತಿಳಿಯದೇ ಇರಲಿ;
ಗಾಢ ಬಣ್ಣಕ್ಕೆ ಇಲ್ಲಿ ಜಾಗ ಸಾಲದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು
ಅದಕ್ಕೂ ಮೊದಲು ಕುರ್ಚಿ ಎತ್ತಿಡಬೇಕೆಂದು
ಹೇಳಿರಲಿಲ್ಲ.

ಕನ್ನಡಿಯೊಂದು ಮಾತ್ರ ನನ್ನ ಹಟ,
ಕಿಟಕಿಗೆ ಎದುರಾಗಿಯೇ ಬೇಕು.
ಈಗ ಬೆಳಗು ಎರಡು ಸಲ ಒಳಗೆ ಬರುತ್ತದೆ,
ಕೆಳಗಿನ ಒಂದೇ ಲೋಕಲ್ಲು
ಠಾಣೆಗೂ ಹೋಗುತ್ತದೆ, ದಾದರಿಗೂ.

ಮೂಲೆಯಲ್ಲಿ ಎರಡಡಿ ಮಿಕ್ಕಿತ್ತು.
'ಕಪಾಟು ಕೂರಿಸುತ್ತೇನೆ ಮ್ಯಾಡಂ,
ಖಾಲಿ ಬಿಟ್ಟರೆ ನಷ್ಟ.'
ಬೇಡ ಅಂದೆ.
ಯಾಕೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಮಧ್ಯಾಹ್ನ ಡಬ್ಬಿ ಬಿಚ್ಚಿ
ಅಲ್ಲೇ ಗೋಡೆಗೊರಗಿ ಉಂಡ,
ಹಾಗೇ ಕಣ್ಣು ಮುಚ್ಚಿದ, ಮೈಮೇಲೆಲ್ಲ ಮರದ ಹೊಟ್ಟು.

ಎದ್ದವನು ಟೇಪು ಸುತ್ತಿಕೊಂಡ.
ಮತ್ತೆ ಆ ಮೂಲೆಯ ಮಾತೆತ್ತಲಿಲ್ಲ.