ಹಕಾರ

ಅರಸೀಕೆರೆ ಮಂಡಿಯಲ್ಲಿ ಕೊಬ್ಬರಿ ಒಡೆಯುತ್ತಿದ್ದ ನಮ್ಮ ಹೊನ್ನಾಜಮ್ಮನಿಗೆ
ಐದನೇ ವರ್ಷಕ್ಕೆ ಸಿಡುಬು ಬಂದು ಎರಡೂ ಕಿವಿ ಹೋಗಿದ್ದವು.
ಅಂದಿನಿಂದ ಅವಳು ತುಟಿ ಕೇಳುತ್ತಿದ್ದಳು.
ಟವೆಲ್ಲಿನಡಿ ಬೆರಳು ಹಿಡಿದ ದಲ್ಲಾಳಿ
ತನ್ನಷ್ಟಕ್ಕೆ ಗುಣಿಸಿಕೊಂಡ ಧಾರಣೆ
ಮೂರು ಗಾಡಿ ಆಚೆಯಿದ್ದ ಅವಳಿಗೆ
ಸಾಹುಕಾರನಿಗಿಂತ ಮೊದಲು ಗೊತ್ತು.

ಅವಳ ಬಾಯಿಂದಲೇ (ಬಾಯಿ ಅಂದರೆ ಕೈ, ಹುಬ್ಬು, ಒಂದಿಷ್ಟು ಒಡಕು ದನಿ)
ನಾನು ಕೇಳಿದ್ದು ಮರುಳಯ್ಯನ ಕತೆ.

ಆರನಳ್ಳಿ ಮರುಳಯ್ಯ.
ಹಾರನಹಳ್ಳಿ ಅನ್ನಲು ಬರುತ್ತಿರಲಿಲ್ಲ,
ನಮ್ಮ ಕಡೆ ಯಾರಿಗೆ ಬರುತ್ತಿತ್ತು?
ಹಾಲು ಆಲು, ಹಸು ಅಸ,
ಹಸಿದವನ ಬಾಯಲ್ಲಿ ಹಸಿವೂ ಅಸಿವು.
ಮೂಟೆ ಹೇರಲು ಗೂಡ್ಸು ಹತ್ತಿದವನು ಇಳಿಯಲೇ ಇಲ್ಲ;
ಹುಬ್ಬಳ್ಳಿ ದಾಟಿತು, ಪುಣೆ ದಾಟಿತು,
ಎಣ್ಣೆ ಮಿರುಗುವ ಆ ಮುಖಕ್ಕೆ ಬೊಂಬಾಯಿಯ ಬಿಸಿಲು ಬಿದ್ದು
ಯಾರೋ ಹ್ಯಾಟಿನವನು ನಿಲ್ಲು ಅಂದ.

ಮಾಸ್ಟರ್ ವಿಹಾರಿ!
ಹದಿಮೂರು ಚಿತ್ರ, ತಿಂಗಳಿಗೆ ನಾನೂರು,
ತಲೆಗೆ ತುರಾಯಿ, ಕೈಗೆ ತಗಡಿನ ಕತ್ತಿ.
ಗೋಡೆ ಮೇಲಿನ ತನ್ನ ಹೆಸರನ್ನು
ತಾನೇ ಕೂಗಿ ಹೇಳಲಾರ, ಆದರೂ ಯಾರು ಕೇಳುತ್ತಾರೆ?

ಸಂತೆಮಾಳಕ್ಕೆ ಟೆಂಟು ಬಂತು.
ಪರದೆ ಪಕ್ಕ ಕೋಲು ಹಿಡಿದ ವಿವರಣೆಯವನು, ಅವನ ಗಂಟಲಿಗೆ ಹಾರ್ಮೋನಿಯಂ.
ರಾಜಕುಮಾರ ರಾಜಕುಮಾರಿಯ ಗಲ್ಲ ಹಿಡಿದ.
"ಪ್ರಾಣೇಶ್ವರೀ, ನೀನಿಲ್ಲದ ಸ್ವರ್ಗವೂ ನರಕ!" ಕೋಲಿನವನು ಕೂಗಿದ.
ಹೊನ್ನಾಜಮ್ಮ ಸೆರಗು ಬಾಯಿಗೆ ತುರುಕಿಕೊಂಡು
ಮರಳಲ್ಲಿ ಉರುಳಾಡಿ ನಕ್ಕಳು.
ಮರುಳಯ್ಯ ಹೇಳುತ್ತಿದ್ದದ್ದು:
ಸಾವಿರಕ್ಕೆ ಇಪ್ಪತ್ತೆಂಟು ರೂಪಾಯಿ, ಕರಟ ನಂದು, ಸಾಗಣೆ ನಿಂದು.

ಕೊನೆಗೆ ಕೋಟೆ ಬಾಗಿಲಲ್ಲಿ ಬಾಣ ತಾಗಿ ಬಿದ್ದ.
"ತಾಯ್ನೆಲವೇ, ವಿದಾಯ!" ಟೆಂಟಿಗೆ ಟೆಂಟೇ ಸಿಳ್ಳೆ.
ಅವಳೊಬ್ಬಳೇ ಅತ್ತಳು.
ಪರದೆಯಗಲದ ಆ ತುಟಿ ಅಂದದ್ದು
ಅವ್ವಾ, ಎಸರಿಟ್ಟೆಯಾ?

ಆಮೇಲೆ ಚಿತ್ರಕ್ಕೆ ಮಾತು ಬಂತು.
ತಲೆ ಮೇಲೆ ಜೇನುಹುಟ್ಟಿನ ಹಾಗೆ ಮೈಕು ಇಳಿಬಿಟ್ಟು
ಬೋಲೋ, ಅಂದರು.
ಅಮಾರಾ, ಅಂದ.
ಹಮಾರಾ, ಅಂದರು.
ಅಮಾರಾ.
ಮೂರು ಹಗಲು. ಹೊರಗೆ ಬೆಂಚಿನಲ್ಲಿ
ಹಾಡಲು ಬರುವ ಹುಡುಗನೊಬ್ಬ ಕಾಯುತ್ತಿದ್ದ.
ಎದೆಯಿಂದ ಒಂದಿಷ್ಟು ಉಸಿರು ತರಬೇಕು, ಅಷ್ಟೇ,
ಕನ್ನಡಿ ಒರೆಸುವ ಮುಂಚೆ ಊದುತ್ತೀವಲ್ಲ, ಅಷ್ಟು.
ಬರಲಿಲ್ಲ.

ವಾಪಸು ಬಂದದ್ದೂ ಗೂಡ್ಸಿನಲ್ಲೇ.
ಊರಿಗೆ ಹೋಗಲಿಲ್ಲ. ಜಂಕ್ಷನ್ನಿನ ಪಡುವಣ ಗೇಟಿನಲ್ಲಿ
ಹಗಲು ಬಾವುಟ, ಇರುಳು ಲಾಟೀನು.
ಹಸಿರು ತೋರುವಾಗ ಎಡಗಾಲು ಗೇಣು ಮುಂದೆ, ಗದ್ದ ಮೇಲೆ;
ಶಿವಮೊಗ್ಗದ ಪ್ಯಾಸೆಂಜರಿಗೆ ಅಷ್ಟು ಚೆಂದದ ಅಪ್ಪಣೆ
ಯಾವ ದೊರೆಯೂ ಕೊಟ್ಟಿರಲಾರ.
ಯಾರೂ ಗುರುತು ಹಿಡಿಯಲಿಲ್ಲ.

ಒಂದು ಸಂಜೆ ಗೇಟು ಹಾಕಿತ್ತು.
ಕರಟದ ಕುಕ್ಕೆ ಹೊತ್ತ ಹೊನ್ನಾಜಮ್ಮ ಈಚೆ, ಅವನು ಆಚೆ.
ಓಡುವ ಡಬ್ಬಿ ಡಬ್ಬಿಯ ಸಂದಿನಲ್ಲಿ
ಬಂದು ಹೋಗಿ ಬಂದು ಹೋಗಿ ಆ ತುಟಿ.
ಗಾಡಿ ದಾಟಿದ ಮೇಲೆ ಕೈಯಲ್ಲೇ ಕೇಳಿದಳು:
ಕರಟ ಯಾರದು?

ಬಾವುಟ ಕೆಳಗಿಟ್ಟು ಹಳಿ ಮೇಲೆ ಕೂತುಬಿಟ್ಟನಂತೆ.
ಎಷ್ಟು ಹೊತ್ತು ಮಾತಾಡಿದಿರಿ, ಅಂದೆ.
ಬೆರಳು ಎಣಿಸಿದಳು: ಹನ್ನೆರಡು ವರ್ಷ.

ಹದಿಮೂರು ಚಿತ್ರದ ಸುರುಳಿಗಳನ್ನೂ ಕರಗಿಸಿ ಬಳೆ ಮಾಡಿದರಂತೆ.
ಯಾರು ತೊಟ್ಟರೋ, ಎಲ್ಲಿ ಒಡೆದವೋ.
ಅವಳು ಹೋದ ಮೇಲೆ ಟ್ರಂಕಿನಲ್ಲಿ ನನಗೆ ಸಿಕ್ಕಿದ್ದು
ಎಲೆ ಅಡಿಕೆ ಚೀಲದೊಳಗೆ ಮಡಿಸಿದ ಗೇಣುದ್ದದ ತುಂಡು,
ಹನ್ನೊಂದು ಮನೆ, ಹನ್ನೊಂದರಲ್ಲೂ ತುರಾಯಿ, ತೆರೆದ ಬಾಯಿ.
ಅ ಅನ್ನುತ್ತಿದ್ದಾನೋ ಹ ಅನ್ನುತ್ತಿದ್ದಾನೋ,
ಕನ್ನಡಿ ಮುಂದೆ ನಾನೇ ಅಂದು ನೋಡಿದೆ.
ಎರಡಕ್ಕೂ ತುಟಿ ಒಂದೇ.
ಹೊನ್ನಾಜಮ್ಮನ ಮುಂದೆ ಅವನು ಯಾವತ್ತೂ ತಪ್ಪಿರಲಿಲ್ಲ.

ಇನ್ನೊಮ್ಮೆ ಕಿಟಕಿ ಬೆಳಕಿಗೆ ಹಿಡಿದು ಹತ್ತಿರ ಬಗ್ಗಿದೆ.
ನನ್ನ ಉಸಿರಿಗೆ ಹನ್ನೊಂದೂ ಮಂಜಾದವು.
ಸೆರಗಿನಲ್ಲಿ ಒರೆಸಿದೆ.