ಸ್ವಂತ ರಸೀದಿ

ಪ್ರತಿ ಮಾರ್ಚಿಗೂ ನಮ್ಮ ಫೈಲು
ರಾಯಚೂರಿನಿಂದ ರಾತ್ರಿ ಬಸ್ಸು ಹತ್ತುತ್ತದೆ;
ಏಪ್ರಿಲ್ಲಿಗೆ ವಾಪಸು, ಮೈತುಂಬ ಪ್ರಶ್ನೆ.

ಅಲ್ಲಿಯತನಕ ಮೇಷ್ಟ್ರು ಬರೆದ
ಕಾಲುವೆ ಕೊನೆಯ ಸವಳು ಮಣ್ಣಿನ ವರದಿ
ಡ್ರಾಯರಿನಲ್ಲಿ.
'ಈಗ ಬ್ಯಾಡ್ರಿ, ಅನುದಾನ ಬರಲಿ'
ಅಂದವನು ನಾನೇ,
ವಿಶ್ವವಿದ್ಯಾಲಯದ ಲೆಕ್ಕದ ಗುಮಾಸ್ತ.

ಪ್ರಯೋಗಾಲಯದ ತಾಯಮ್ಮ
ಒಮ್ಮೆ ಅಂಗೈ ಮಗುಚಿ ತೋರಿಸಿದಳು:
'ಬೇಡುವಾಗ ಹಿಂಗ, ಬರಿಯುವಾಗ ಹಿಂಗ.
ಒಂದ ಕೈಲೆ ಎರಡೂ ಹ್ಯಾಂಗ್ರೀ ಸರ?'

ಈ ಸಲ ತೊಗರಿ ಬೀಜ ನಾವೇ ಮಾರಿದೆವು.
ತೂಗಿದ್ದು, ಚೀಲ ಹೊಲಿದದ್ದು ಅವಳು,
ರಸೀದಿ ಹರಿದದ್ದು ನಾನು.
ಕರೆಂಟು ಬಿಲ್ಲಿಗೂ ಸಾಲಲಿಲ್ಲ, ಖರೆ.

ಬಂದ ರೊಕ್ಕದಲ್ಲಿ ಮೊದಲು
ವರದಿಯ ನಲವತ್ತು ಪ್ರತಿ ಅಚ್ಚಾದವು.
ಒಂದನ್ನು ಅದೇ ರಾತ್ರಿ ಬಸ್ಸಿಗೆ ಹತ್ತಿಸಿದೆ,
ಜೊತೆಗೆ
ಏನನ್ನೂ ಬೇಡದೆ.